ಮುದ್ದೆ, ಸೊಪ್ಪಿನ ಸಾರು ತಿನ್ನುವ ಮನೆಗೂ ಬಿಪಿ ಯಾಕೆ ಬರುತ್ತದೆ? ತೂಕ ಇಳಿಸಿದರೆ ನಿಜಕ್ಕೂ ಕಮ್ಮಿ ಆಗುತ್ತದಾ?

ಕೆಆರ್‌ಪುರಂ ಮನೆ, ಹಾಸನ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರಿಗೆ 44 ವರ್ಷ, ಎತ್ತರ 5 ಅಡಿ 6 ಇಂಚು, ತೂಕ 88 ಕೆಜಿ. ಅಂಗಡಿ ವ್ಯಾಪಾರ, ಬೆಳಿಗ್ಗೆ ಗಲ್ಲಾಪೆಟ್ಟಿಗೆ ಮುಂದೆ ಕೂತರೆ ಏಳುವುದು ರಾತ್ರಿಗೇ. ಬಿಪಿ 150/96 ಬಂತು. ಬೇರೆ ದಿನ ನೋಡಿಸಿದರೂ ಹೆಚ್ಚುಕಮ್ಮಿ ಅಷ್ಟೇ. ಡಾಕ್ಟರು ಒಂದು ಮಾತ್ರೆ ಬರೆದು, ಉಪ್ಪು ಕಮ್ಮಿ ಮಾಡಿ, ತೂಕ ಇಳಿಸಿ ಅಂತ ಹೇಳಿ ಕಳಿಸಿದರು. ಹೊರಗೆ ಜನ ತುಂಬಿದ್ದರು, ಜಾಸ್ತಿ ಕೇಳುವುದಕ್ಕೆ ಆಗಲಿಲ್ಲ.

ಉಪ್ಪಿನ ವಿಷಯ ಗೊತ್ತಿತ್ತು. ತೂಕಕ್ಕೂ ಬಿಪಿಗೂ ಏನು ಸಂಬಂಧ ಅಂತ ನಮ್ಮ ಅತ್ತೆ ಕೇಳುತ್ತಿದ್ದಾರೆ. ನಾವು ಹೋಟೆಲಿಗೆ ಹೋಗುವುದೇ ಅಪರೂಪ. ಮನೆಯಲ್ಲಿ ಮುದ್ದೆ, ಬಸ್ಸಾರು, ಉಪ್ಸಾರು, ಭಾನುವಾರ ಬಾಡೂಟ. ಇದೇ ಊಟ ಮಾಡಿಕೊಂಡು ನಮ್ಮ ಮಾವ 80 ದಾಟಿ ಬದುಕಿದರು, ಇವರಿಗೆ ಯಾಕೆ ಬಂತು ಅನ್ನುವುದು ಅವರ ಪ್ರಶ್ನೆ. ನನಗೂ ಅದೇ ಪ್ರಶ್ನೆ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಆಲೂರು ಹುಡುಗ

ಎಲ್ಲಾ ಟೆನ್ಶನ್ ಅಕ್ಕ. ವ್ಯಾಪಾರ ಅಂದರೆ ಟೆನ್ಶನ್ ಇದ್ದೇ ಇರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಎಸಳು ಬೆಳ್ಳುಳ್ಳಿ ಕೊಡಿ. ಮಾತ್ರೆ ಒಂದು ಸಲ ಶುರು ಮಾಡಿದರೆ ಬಿಡುವ ಹಾಗಿಲ್ಲ, ಅದಕ್ಕೇ ಮೊದಲು ಇದನ್ನು ನೋಡಿ.

ಆಸ್ಪತ್ರೆ ಸಿಸ್ಟರ್

ತಮ್ಮಾ, ದಯವಿಟ್ಟು ಮಾತ್ರೆ ತಡ ಮಾಡಿ ಅಂತ ಯಾರಿಗೂ ಹೇಳಬೇಡ. ಬೆಳ್ಳುಳ್ಳಿ ಸಾರಿಗೆ ಹಾಕಿಕೊಂಡು ತಿನ್ನಲಿ, ಒಳ್ಳೆಯದೇ. ಆದರೆ 150/96 ಅನ್ನು ಅದರ ಕೈಗೆ ಕೊಟ್ಟು ಕೂರುವ ಹಾಗಿಲ್ಲ. ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರ್ ನೋಡುವ ವಿಭಾಗದಲ್ಲೇ ಕೆಲಸ ಮಾಡುವವಳು. ಪಾರ್ಶ್ವವಾಯು ಆಗಿ ಬರುವವರ ಮನೆಯವರನ್ನು ಕೇಳಿದರೆ, ಮಾತ್ರೆ ಕೊಟ್ಟಿದ್ದರು, ಬಿಟ್ಟುಬಿಟ್ಟಿದ್ದರು ಅನ್ನುವ ಮಾತು ಎಷ್ಟು ಸಲ ಕೇಳಿದ್ದೇನೋ.

ಈಗ ಅಕ್ಕನ ಪ್ರಶ್ನೆಗೆ ಬರುತ್ತೇನೆ. ಎತ್ತರಕ್ಕೆ ತಕ್ಕ ತೂಕ ನೋಡುವ ಬಿಎಂಐ ಲೆಕ್ಕದಲ್ಲಿ ನಿಮ್ಮ ಯಜಮಾನರದು 31ರ ಮೇಲೆ ಬರುತ್ತದೆ. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು. ವಿದೇಶದ ಪಟ್ಟಿಯಲ್ಲಿ 30 ಅಂತ ಇರುತ್ತದೆ, ಅದನ್ನು ನೋಡಿ ನಾವು ಸಮಾಧಾನ ಮಾಡಿಕೊಳ್ಳಬಾರದು, ಯಾಕೆಂದರೆ ನಮ್ಮವರಿಗೆ ಕೈಕಾಲು ಸಣ್ಣ ಇದ್ದರೂ ಕೊಬ್ಬೆಲ್ಲಾ ಹೊಟ್ಟೆಗೇ ಸೇರುತ್ತದೆ. ತಕ್ಕಡಿಗಿಂತ ಟೇಪು ಹಿಡಿದು ಸೊಂಟ ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಪ್ಯಾಂಟ್ ಸೈಜು ಲೆಕ್ಕಕ್ಕಿಲ್ಲ, ಅದನ್ನು ಹೊಟ್ಟೆಯ ಕೆಳಗೆ ಹಾಕುತ್ತಾರೆ ಅಲ್ವಾ.

ಈ ಹೊಟ್ಟೆಯ ಕೊಬ್ಬು ಸುಮ್ನೆ ಕೂತಿರುವುದಿಲ್ಲ. ಒಳಗೆ ಕಿಡ್ನಿಯ ಸುತ್ತ ಸೇರಿ ಅದನ್ನು ಒತ್ತುತ್ತದೆ. ಕೊಬ್ಬಿನಿಂದ ಲೆಪ್ಟಿನ್ ಅನ್ನುವ ಹಾರ್ಮೋನ್ ಜಾಸ್ತಿ ಬಂದು, ರಕ್ತನಾಳ ಬಿಗಿ ಮಾಡುವ ನರಗಳು ಸದಾ ಕೆಲಸ ಮಾಡುತ್ತಲೇ ಇರುತ್ತವೆ. ಬೊಜ್ಜಿದ್ದವರ ರಕ್ತದಲ್ಲಿ ಇನ್ಸುಲಿನ್ ಕೂಡ ಜಾಸ್ತಿ ಇರುತ್ತದೆ, ಅದು ಉಪ್ಪು ಮೂತ್ರದಲ್ಲಿ ಹೊರಗೆ ಹೋಗದ ಹಾಗೆ ಕಿಡ್ನಿಯಲ್ಲೇ ತಡೆಯುತ್ತದೆ. ಉಪ್ಪು ಉಳಿದರೆ ಅದರ ಜೊತೆ ನೀರೂ ಉಳಿಯುತ್ತದೆ, ರಕ್ತದ ಪ್ರಮಾಣ ಏರುತ್ತದೆ, ಬಿಗಿಯಾದ ನಾಳಗಳಲ್ಲಿ ಅಷ್ಟನ್ನೂ ಹೃದಯ ತಳ್ಳಬೇಕು. ಅದೇ ಬಿಪಿ. ಹಾಗಾಗಿ ಉಪ್ಪು ಬೇರೆ, ತೂಕ ಬೇರೆ ಅಂತ ನೋಡಬೇಡಿ. ಒಂದೇ ಪಾತ್ರೆಯ ಸಾರನ್ನು ಇಬ್ಬರು ಉಂಡರೂ ಬೊಜ್ಜಿದ್ದವರ ಮೈಯಲ್ಲಿ ಆ ಉಪ್ಪು ಹೆಚ್ಚು ನಿಲ್ಲುತ್ತದೆ. ನಿಮ್ಮ ಅತ್ತೆಯವರ ಪ್ರಶ್ನೆಗೆ ನನ್ನ ಉತ್ತರ ಇದೇ.

ಬೇಲೂರು ರಸ್ತೆ

ಸಿಸ್ಟರ್, ಒಂದು ಡೌಟು. ನಮ್ಮ ತಂದೆ ಕಡ್ಡಿ ತರ ಇದ್ದಾರೆ. ಅವರಿಗೂ ಬಿಪಿ ಇದೆ. ನಮ್ಮ ಪಕ್ಕದ ಮನೆಯವರು ನೂರು ಕೆಜಿ ಹತ್ತಿರ ಇದ್ದಾರೆ, ಅವರಿಗೆ ಇಲ್ಲ. ತೂಕದಿಂದಲೇ ಅಂತ ಹೇಗೆ ಹೇಳುವುದು?

ಆಸ್ಪತ್ರೆ ಸಿಸ್ಟರ್

ತೂಕ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ವಯಸ್ಸಾದ ಹಾಗೆ ರಕ್ತನಾಳ ಗಟ್ಟಿಯಾಗುತ್ತದೆ, ವಂಶದಲ್ಲಿ ಬರುತ್ತದೆ, ಕಿಡ್ನಿ ತೊಂದರೆಯಿಂದ ಬರುತ್ತದೆ, ಕುಡಿತದಿಂದ ಬರುತ್ತದೆ. ಆದರೆ ವಯಸ್ಸನ್ನೂ ವಂಶವನ್ನೂ ಬದಲಾಯಿಸಲು ಆಗದು, ತೂಕವನ್ನು ಇಳಿಸಬಹುದು. ಅದಕ್ಕೇ ಅದರ ಹಿಂದೆ ಬೀಳುವುದು. ಪಕ್ಕದ ಮನೆಯವರಿಗೆ ಇಲ್ಲ ಅಂದಿರಿ, ಅವರು ಕೊನೇ ಸಲ ನೋಡಿಸಿದ್ದು ಯಾವಾಗ? ಬಿಪಿ ಇದ್ದರೆ ತಲೆ ಸುತ್ತುತ್ತದೆ, ಕತ್ತು ನೋಯುತ್ತದೆ ಅಂತ ಜನ ನಂಬಿದ್ದಾರೆ. ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ.

ಚನ್ನರಾಯಪಟ್ಟಣ ತೆಂಗು

ಊಟದ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಅಮ್ಮನಿಗೂ ಚಿಕ್ಕಪ್ಪನಿಗೂ ಬಿಪಿ ಇದೆ, ಅಡುಗೆ ನನ್ನದು.

ಮುದ್ದೆಗೆ ನಾವು ಉಪ್ಪು ಹಾಕುವುದಿಲ್ಲ, ನಿಮ್ಮಲ್ಲೂ ಹಾಗೇ ಇರಬೇಕು. ಹಾಗಾಗಿ ಬರೀ ಮುದ್ದೆಯಿಂದ ಉಪ್ಪು ಬರುವುದಿಲ್ಲ. ಆದರೆ ಉಪ್ಪಿಲ್ಲದ ಮುದ್ದೆ ಇಳಿಯಬೇಕು ಅಂದರೆ ಸಾರು ಖಾರ, ಹುಳಿ, ಉಪ್ಪು ಮೂರೂ ಜೋರಾಗಿ ಇರಬೇಕು, ಆ ಸಾರನ್ನು ತಟ್ಟೆಯ ತುಂಬಾ ಹುಯ್ದುಕೊಳ್ಳುತ್ತೇವೆ. ಉಪ್ಸಾರಿಗೆ ಅರೆಯುವ ಖಾರದಲ್ಲಿ ಉಪ್ಪು ಬೇರೆ, ಸಾರಿನಲ್ಲಿ ಬೇರೆ. ಆಮೇಲೆ ಅನ್ನ ಮಜ್ಜಿಗೆ, ಅದಕ್ಕೆ ಮತ್ತೆ ಚಿಟಿಕೆ ಉಪ್ಪು, ಪಕ್ಕಕ್ಕೆ ಮಿಡಿ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಹಪ್ಪಳ. ದೊಡ್ಡ ಚಮಚ ಉಪ್ಪಿನಕಾಯಿ ಅಂದರೆ ಸುಮಾರು ಒಂದು ಗ್ರಾಂ ಉಪ್ಪು ಅದರಲ್ಲೇ ಹೋಯಿತು. ಇಡೀ ದಿನಕ್ಕೆ 5 ಗ್ರಾಂ ಒಳಗೆ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಅಂದರೆ ಎಲ್ಲಾ ಸೇರಿ ಒಂದು ಟೀ ಚಮಚ.

ನಿಮ್ಮ ಮನೆಯ ಲೆಕ್ಕ ತಿಳಿಯಬೇಕಾದರೆ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ. ನಾಲ್ಕು ಜನರ ಮನೆಯಲ್ಲಿ 1 ಕೆಜಿ ಒಂದು ತಿಂಗಳಿಗೆ ಮುಗಿದರೆ ತಲೆಗೆ ದಿನಕ್ಕೆ 8 ಗ್ರಾಂ ಮೇಲೆ ಆಯಿತು. 600 ಗ್ರಾಂಗೆ ಇಳಿಸಬೇಕು. ಒಂದೇ ದಿನಕ್ಕೆ ಇಳಿಸಿದರೆ ಮನೆಯಲ್ಲಿ ಜಗಳ ಆಗುತ್ತದೆ, ವಾರ ವಾರ ಸ್ವಲ್ಪ ಸ್ವಲ್ಪ ಕಮ್ಮಿ ಮಾಡಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ನಿಂಬೆಹಣ್ಣು, ಕಾಳುಮೆಣಸು, ಹುಣಸೆ, ಬೆಳ್ಳುಳ್ಳಿ ಸ್ವಲ್ಪ ಮುಂದೆ ಮಾಡಿದರೆ ಉಪ್ಪು ಕಮ್ಮಿಯಾದದ್ದು ಅಷ್ಟು ತಿಳಿಯುವುದಿಲ್ಲ.

ಬಸ್ಸಾರು ಮಾತ್ರ ಬಿಡಬೇಡಿ ಅಕ್ಕ. ಸೊಪ್ಪು, ಕಾಳು ಬೇಯಿಸಿದ ನೀರಿನಲ್ಲಿ ಪೊಟ್ಯಾಸಿಯಂ ಇಳಿದಿರುತ್ತದೆ, ಅದು ಉಪ್ಪಿನ ಸೋಡಿಯಂ ಅನ್ನು ಮೂತ್ರದಲ್ಲಿ ಕಳಿಸುವುದಕ್ಕೆ ಸಹಾಯ ಮಾಡುತ್ತದೆ. ಆ ನೀರು ಚೆಲ್ಲದೆ ಸಾರು ಮಾಡುವ ಅಡುಗೆ ನಮ್ಮದು. ಉಪ್ಪು ಅರ್ಧ ಮಾಡಿದರೆ ಬಿಪಿ ಇದ್ದವರಿಗೆ ಬಸ್ಸಾರಿಗಿಂತ ಒಳ್ಳೆಯ ಸಾರು ಇಲ್ಲ.

ಕಡೂರು ಮೇಷ್ಟ್ರು

ಬೇಕರಿ ಯಾರೂ ಹೇಳಲಿಲ್ಲ. ಅಯ್ಯಂಗಾರ್ ಬೇಕರಿಗಳು ಹುಟ್ಟಿದ್ದೇ ಹಾಸನ ಜಿಲ್ಲೆಯವರ ಕೈಯಿಂದ, ನಮಗೆಲ್ಲಾ ಅದರ ಮೇಲೆ ಪ್ರೀತಿ ಇದೆ, ನನಗೂ ಇದೆ. ಆದರೆ ಖಾರ ಬನ್ನು, ಪಫ್ಸ್, ಕಾಂಗ್ರೆಸ್ ಕಡ್ಲೇಕಾಯಿ, ಬೆಣ್ಣೆ ಬಿಸ್ಕತ್ತು, ನಿಪ್ಪಟ್ಟು ಇವೆಲ್ಲಾ ಉಪ್ಪು ಮತ್ತು ಕೊಬ್ಬು ಎರಡೂ ಸೇರಿದ ತಿಂಡಿ. ಅಂಗಡಿಯಲ್ಲಿ ಕೂರುವವರಿಗೆ ಸಂಜೆ 4 ಗಂಟೆಗೆ ಟೀ ಜೊತೆ ಏನು ಬರುತ್ತದೆ ಅಂತ ಕೇಳಿ ನೋಡಿ ಮೇಡಂ. ಸಿಹಿ ಬ್ರೆಡ್ಡಿನಲ್ಲೂ ಉಪ್ಪು ಇರುತ್ತದೆ. ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ. ಗೋಬಿ ಮಂಚೂರಿಯ ಸೋಯಾ ಸಾಸ್ ಅಂತೂ ಕೇಳಲೇಬೇಡಿ. ಮನೆಯ ಉಪ್ಪಿನ ಪ್ಯಾಕೆಟ್ ಲೆಕ್ಕಕ್ಕೆ ಇದು ಯಾವುದೂ ಸಿಗುವುದಿಲ್ಲ.

ಕೆಆರ್‌ಪುರಂ ಮನೆ, ಹಾಸನ

ಮೇಷ್ಟ್ರೇ, ಕೇಳಿದೆ. ದಿನಾ ಒಂದು ಖಾರ ಬನ್ನು ಅಥವಾ ಪಫ್ಸ್ ಅಂತೆ, ಅಂಗಡಿ ಹುಡುಗನೇ ತಂದುಕೊಡುತ್ತಾನಂತೆ. ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಅತ್ತೆಯವರು ಮಾವನ ಮಾತು ಇನ್ನೂ ಬಿಟ್ಟಿಲ್ಲ. ಅವರು ಎರಡು ಮುದ್ದೆ ತಿನ್ನುತ್ತಿದ್ದರು, ತೂಕ ಏರಲೇ ಇಲ್ಲವಲ್ಲ ಅನ್ನುತ್ತಾರೆ.

ಮೂಡಿಗೆರೆ ತೋಟ

ನಿಮ್ಮ ಮಾವ ಹೊಲ ಉತ್ತವರಾ? ಹೌದಾದರೆ ಉತ್ತರ ಅಲ್ಲೇ ಇದೆ. ನಮ್ಮ ತೋಟದ ಹಳೆಯ ಆಳುಗಳು ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಬಂದರೆ ಇಡೀ ದಿನ ಇಳಿಜಾರಿನಲ್ಲಿ ಹತ್ತಿ ಇಳಿದು ಕೆಲಸ ಮಾಡುತ್ತಿದ್ದರು, ಬೆವರಿನಲ್ಲೇ ಎಷ್ಟೋ ಉಪ್ಪು ಹೋಗುತ್ತಿತ್ತು. ಈಗ ನಾವು ಗೇಟಿನವರೆಗೂ ಜೀಪಿನಲ್ಲಿ ಹೋಗುತ್ತೇವೆ, ಊಟ ಮಾತ್ರ ಅದೇ ಅಳತೆ. ರಾಗಿ ತಿಂದರೆ ಬೊಜ್ಜು ಬರುವುದೇ ಇಲ್ಲ ಅನ್ನುವ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲರಿ, ಅಕ್ಕಿಯಲ್ಲಿ ಸುಮಾರು 350. ಅಂಥಾ ವ್ಯತ್ಯಾಸ ಏನಿಲ್ಲ. ರಾಗಿಯಲ್ಲಿ ನಾರು ಜಾಸ್ತಿ, ಹೊಟ್ಟೆ ಬೇಗ ತುಂಬುತ್ತದೆ, ಸುಣ್ಣದ ಅಂಶ ಜಾಸ್ತಿ, ಅದಕ್ಕೆ ಅಕ್ಕಿಗಿಂತ ಒಳ್ಳೆಯದು ಅನ್ನುವುದು ನಿಜ. ಆದರೆ ದೊಡ್ಡ ಮುದ್ದೆ ಎರಡು ಉಂಡು ಮೇಲೆ ಎರಡು ಸೌಟು ಅನ್ನ ಹಾಕಿಸಿಕೊಂಡು ಮಲಗಿದರೆ ಯಾವ ರಾಗಿ ಏನು ಮಾಡುತ್ತದೆ?

ಮುದ್ದೆ ಸಣ್ಣದು ಮಾಡಿ, ಸೊಪ್ಪಿನ ಪಲ್ಯ ದೊಡ್ಡದು ಮಾಡಿ, ಅನ್ನ ಬಿಡಿ. ಹುರುಳಿ, ಅವರೆ, ಅಲಸಂದೆ, ಹೆಸರುಕಾಳು ಯಾವುದಾದರೂ ದಿನಾ ಇರಲಿ. ಎಣ್ಣೆಯ ಮೇಲೂ ಕಣ್ಣಿಡಿ, ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಸುತ್ತಮುತ್ತ ಸಾಕು. ಬಾಡೂಟ ಬಿಡಿ ಅಂದರೆ ಯಾರೂ ಬಿಡುವುದಿಲ್ಲ, ನಾನೂ ಹೇಳುವುದಿಲ್ಲ. ಹಂದಿ ಮಾಂಸದ ಬದಲು ಮೀನೋ ಕೋಳಿಯೋ ಆಗಲಿ, ಜೊತೆಗಿನ ಗ್ಲಾಸು ಮಾತ್ರ ಬೇಡ. ಮದ್ಯ ಬಿಪಿಯನ್ನೂ ಏರಿಸುತ್ತದೆ, ಹೊಟ್ಟೆಯನ್ನೂ ಬೆಳೆಸುತ್ತದೆ. ನಮ್ಮ ಮಲೆನಾಡಿನಲ್ಲಿ ಚಳಿ, ಮಳೆ ಅಂತ ಇದಕ್ಕೆ ಒಂದು ನೆಪ ಸಿಕ್ಕಿಬಿಟ್ಟಿದೆ. ಇದರ ಬಗ್ಗೆ ನನಗೆ ನಿಜವಾಗಿ ಬೇಜಾರಿದೆ, ಮೂವತ್ತು ನಲವತ್ತು ವಯಸ್ಸಿನ ಹುಡುಗರನ್ನು ನೋಡುತ್ತಿದ್ದೇನೆ.

ರತ್ನಗಿರಿ ಬೋರೆ ವಾಕಿಂಗ್

ನಾನು ಚಿಕ್ಕಮಗಳೂರು. ನಮ್ಮ ಮನೆಯಲ್ಲಿ ಮಾಮೂಲಿ ಉಪ್ಪು ಬಿಟ್ಟು ಸೈಂಧವ ಲವಣ ತರುತ್ತಿದ್ದೇವೆ. ಅದರಿಂದ ಬಿಪಿ ಬರುವುದಿಲ್ಲ ಅಂತಾರೆ. ಅಕ್ಕ ಅದನ್ನು ನೋಡಬಹುದು.

ಆಸ್ಪತ್ರೆ ಸಿಸ್ಟರ್

ಸೈಂಧವ ಲವಣವೂ ಹೆಚ್ಚುಕಮ್ಮಿ ಪೂರ್ತಿ ಸೋಡಿಯಂ ಕ್ಲೋರೈಡೇ. ಗುಲಾಬಿ ಬಣ್ಣ ಇದ್ದರೂ ಅಷ್ಟೇ, ಹರಳುಪ್ಪಾದರೂ ಅಷ್ಟೇ. ಬಿಪಿಗೆ ಏನೂ ಲಾಭ ಇಲ್ಲ, ಮೇಲಾಗಿ ಅಯೋಡಿನ್ ಸೇರಿಸಿರದಿದ್ದರೆ ಥೈರಾಯ್ಡ್‌ಗೆ ತೊಂದರೆ. ಬಸುರಿ, ಮಕ್ಕಳು ಇರುವ ಮನೆಯಲ್ಲಂತೂ ಅಯೋಡಿನ್ ಉಪ್ಪು ಬಿಡಬಾರದು.

ಸೋಡಿಯಂ ಕಮ್ಮಿ ಇರುವ ಉಪ್ಪು ಅಂತ ಬೇರೆ ಬರುತ್ತದೆ, ಸೈಂಧವ ಅದಲ್ಲ. ಆ ಬೇರೆ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡನ್ನು ಸ್ವಲ್ಪ ಭಾಗ ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಚೀನಾದ ಹಳ್ಳಿಗಳಲ್ಲಿ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪನ್ನು ಜನರಿಗೆ ಕೊಟ್ಟು ವರ್ಷಗಟ್ಟಲೆ ನೋಡಿದ ದೊಡ್ಡ ಅಧ್ಯಯನ 2021ರಲ್ಲಿ ಬಂತು, ಪಾರ್ಶ್ವವಾಯು 14% ಕಮ್ಮಿಯಾಗಿತ್ತು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಮನೆ ಅಡುಗೆಗೆ ಇಂಥ ಉಪ್ಪು ಒಳ್ಳೆಯದು ಅಂದಿದೆ. ಆದರೆ ಕಿಡ್ನಿ ತೊಂದರೆ ಇದ್ದವರು ಮುಟ್ಟಬಾರದು. ಟೆಲ್ಮಿಸಾರ್ಟನ್, ಎನಾಲಪ್ರಿಲ್ ತರದ ಬಿಪಿ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ತರಬೇಕು, ಯಾಕೆಂದರೆ ಆ ಮಾತ್ರೆಗಳೂ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತವೆ. ದಿನಾ ಎಳನೀರು ಕುಡಿಯುವವರಿಗೂ ಇದೇ ಮಾತು, ಅದರಲ್ಲೂ ಪೊಟ್ಯಾಸಿಯಂ ಇದೆ.

ಮೂಡಿಗೆರೆ ತೋಟ

ಸಿಸ್ಟರ್, ಕಾಫಿ ಬಗ್ಗೆ ಒಂದು ಮಾತು ಹೇಳಿಬಿಡಿ. ಬಿಪಿ ಅಂದ ತಕ್ಷಣ ಕಾಫಿ ಬಿಡಿಸುತ್ತಾರೆ, ಕಾಫಿ ಬೆಳೆಯುವವರ ಮನೆಯಲ್ಲೇ ಕಾಫಿ ಇಲ್ಲ ಅಂದರೆ ಹೇಗೆ?

ಆಸ್ಪತ್ರೆ ಸಿಸ್ಟರ್

ಕುಡಿದ ಮೇಲೆ ಸ್ವಲ್ಪ ಹೊತ್ತು ಏರುತ್ತದೆ, ದಿನಾ ಕುಡಿಯುವವರಲ್ಲಿ ಆ ಏರಿಕೆ ಕಮ್ಮಿ. ದಿನಕ್ಕೆ ಎರಡು ಲೋಟಕ್ಕೆ ಚಿಂತೆ ಬೇಡ. ಚಿಂತೆ ಇರುವುದು ಅದರಲ್ಲಿನ ಎರಡು ಚಮಚ ಸಕ್ಕರೆಯದು, ಬೆಲ್ಲ ಹಾಕಿದರೂ ಕ್ಯಾಲರಿ ಅದೇ. ಬಿಪಿ ಅಳೆಯುವ ಮುಂಚೆ ಅರ್ಧ ಗಂಟೆ ಕಾಫಿ, ಬೀಡಿ, ಸಿಗರೇಟು ಬೇಡ.

ಬೇಲೂರು ರಸ್ತೆ

ಎಲ್ಲಾ ಸರಿ. ಆದರೆ 88 ಕೆಜಿಯಿಂದ 65ಕ್ಕೆ ಬರುವುದು ಯಾವಾಗ? ಅಲ್ಲಿಯವರೆಗೆ ಬಿಪಿ ಇಳಿಯುವುದಿಲ್ಲ ಅಂದರೆ ಯಾರು ಶುರು ಮಾಡುತ್ತಾರೆ?

ಕಡೂರು ಮೇಷ್ಟ್ರು

65ಕ್ಕೆ ಬರುವವರೆಗೆ ಯಾಕೆ ಕಾಯಬೇಕು ಸರ್? ತೂಕ ಇಳಿಸಿದವರನ್ನು ಅಳೆದ ಅಧ್ಯಯನಗಳನ್ನೆಲ್ಲಾ ಒಟ್ಟಿಗೆ ಹಾಕಿ ನೋಡಿದಾಗ, ಒಂದು ಕೆಜಿಗೆ ಮೇಲಿನ ಬಿಪಿ, ಅಂದರೆ 150/96ರಲ್ಲಿ 150 ಅನ್ನುವುದು, ಸುಮಾರು 1 ಅಂಕ ಇಳಿಯುತ್ತದೆ ಅಂತ ಕಂಡಿದೆ. 88ರಿಂದ 83ಕ್ಕೆ ಬಂದರೆ 5 ಅಂಕ. ಅಮೆರಿಕದಲ್ಲಿ ಡ್ಯಾಶ್ ಅಂತ ಒಂದು ಊಟದ ಕ್ರಮ ಮಾಡಿ 1997ರಲ್ಲಿ ಫಲಿತಾಂಶ ಕೊಟ್ಟರು. ತರಕಾರಿ, ಹಣ್ಣು, ಕೊಬ್ಬು ಕಮ್ಮಿ ಇರುವ ಹಾಲು ಮೊಸರು ಜಾಸ್ತಿ, ಸಿಹಿ ಮತ್ತು ಕೊಬ್ಬು ಕಮ್ಮಿ. ಅದರಲ್ಲಿ ತೂಕವನ್ನೂ ಉಪ್ಪನ್ನೂ ಬದಲಾಯಿಸದೆ ಬರೀ ಊಟ ಬದಲಾಯಿಸಿದ್ದಕ್ಕೇ ಬಿಪಿ ಇದ್ದವರಲ್ಲಿ ಮೇಲಿನದು 11 ಅಂಕ ಇಳಿದಿತ್ತು. 2001ರಲ್ಲಿ ಅದೇ ಊಟಕ್ಕೆ ಉಪ್ಪನ್ನೂ ಕಮ್ಮಿ ಮಾಡಿ ನೋಡಿದಾಗ ಇನ್ನೂ ಇಳಿಯಿತು. ನಮ್ಮ ಸೊಪ್ಪು, ಕಾಳು, ಉಪ್ಪಿಲ್ಲದ ಮಜ್ಜಿಗೆ, ಪಪ್ಪಾಯ, ಬಾಳೆಹಣ್ಣು ಇಟ್ಟುಕೊಂಡರೆ ಅದೇ ಊಟ ಆಯಿತು, ಬೆಂಗಳೂರಿಂದ ಏನೂ ತರಿಸಬೇಕಾಗಿಲ್ಲ.

ನಡಿಗೆ ವಾರಕ್ಕೆ 150 ನಿಮಿಷ, ಮಾತಾಡಬಹುದು ಆದರೆ ಹಾಡು ಹೇಳಲಾರದಷ್ಟು ವೇಗ. ಹಾಸನದಲ್ಲಿ ಮಹಾರಾಜ ಪಾರ್ಕ್ ಇದೆ, ಸ್ಟೇಡಿಯಂ ಇದೆ.

ಕೆಆರ್‌ಪುರಂ ಮನೆ, ಹಾಸನ

ನಡೆಯಲು ಮೊಣಕಾಲು ನೋವು ಅನ್ನುತ್ತಾರೆ ಮೇಷ್ಟ್ರೇ. ಮೆಡಿಕಲ್‌ನಿಂದ ನೋವಿನ ಮಾತ್ರೆ ತಂದು ಇಟ್ಟುಕೊಂಡಿದ್ದಾರೆ. ಇನ್ನೊಂದು, ರಾತ್ರಿ ಗೊರಕೆ ವಿಪರೀತ. ನಡುವೆ ಉಸಿರು ನಿಂತ ಹಾಗೆ ಆಗಿ ಆಮೇಲೆ ಜೋರಾಗಿ ಎಳೆದುಕೊಳ್ಳುತ್ತಾರೆ. ನನಗೆ ನಿದ್ದೆಯೇ ಬರುವುದಿಲ್ಲ, ಎದ್ದು ನೋಡುತ್ತಾ ಇರುತ್ತೇನೆ. ಇದಕ್ಕೂ ಬಿಪಿಗೂ ಸಂಬಂಧ ಇದೆಯಾ?

ಆಸ್ಪತ್ರೆ ಸಿಸ್ಟರ್

ಅಕ್ಕ, ಒಳ್ಳೆಯದಾಯಿತು ಹೇಳಿದ್ದು. ಎರಡಕ್ಕೂ ಸಂಬಂಧ ಇದೆ.

ಡೈಕ್ಲೋಫೆನಾಕ್, ಐಬುಪ್ರೊಫೆನ್ ತರದ ನೋವಿನ ಮಾತ್ರೆಗಳು ಮೈಯಲ್ಲಿ ಉಪ್ಪು ನೀರು ನಿಲ್ಲಿಸುತ್ತವೆ. ಬಿಪಿ ಏರುತ್ತದೆ, ಬಿಪಿ ಮಾತ್ರೆಯ ಕೆಲಸ ಕುಗ್ಗುತ್ತದೆ, ಕಿಡ್ನಿಗೂ ಪೆಟ್ಟು. ತೂಕದಿಂದ ಮಂಡಿ ನೋವು, ಮಂಡಿ ನೋವಿಗೆ ಈ ಮಾತ್ರೆ, ಮಾತ್ರೆಯಿಂದ ಬಿಪಿ. ಆ ಡಬ್ಬಿಯನ್ನೇ ತಗೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ಗೊರಕೆ ನಡುವೆ ಉಸಿರು ನಿಲ್ಲುವುದು ಸ್ಲೀಪ್ ಆಪ್ನಿಯಾ ಇರಬಹುದು. ಕತ್ತಿನ ಸುತ್ತ ಕೊಬ್ಬು ಜಾಸ್ತಿಯಾದವರಲ್ಲಿ ಮಲಗಿದಾಗ ಗಂಟಲಿನ ದಾರಿ ಮುಚ್ಚಿಕೊಳ್ಳುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೈ ಬೆಚ್ಚಿಬಿದ್ದು ಎಚ್ಚರಗೊಳ್ಳುತ್ತದೆ. ರಾತ್ರಿಯೆಲ್ಲಾ ಇದೇ ನಡೆದರೆ ಬಿಪಿ ಇಳಿಯಬೇಕಾದ ಹೊತ್ತಿನಲ್ಲೂ ಇಳಿಯುವುದಿಲ್ಲ. ಹಗಲು ತೂಕಡಿಸುತ್ತಾರಾ ಅಂತ ಗಮನಿಸಿ. ಇದಕ್ಕೆ ನಿದ್ದೆಯ ಪರೀಕ್ಷೆ ಇದೆ, ಚಿಕಿತ್ಸೆ ಇದೆ. ನೀವು ರಾತ್ರಿ ನೋಡಿದ್ದನ್ನು ಹೀಗೇ ಹೇಳಿ, ರೋಗಿಗೆ ತಾನಾಗಿ ಇದು ಗೊತ್ತಾಗುವುದೇ ಇಲ್ಲ. ಒಂದು ದಿನ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರೂ ಆದೀತು.

ಆಲೂರು ಹುಡುಗ

ಸಿಸ್ಟರ್, ನಮ್ಮ ಅಪ್ಪನಿಗೆ ಅಮ್ಲೋಡಿಪಿನ್ ಕೊಟ್ಟಿದ್ದಾರೆ, ಪಾದ ಊದುತ್ತಿದೆ. ಕಿಡ್ನಿ ಹೋಯಿತು ಅಂತ ಹೆದರಿ ನಿಲ್ಲಿಸಿಬಿಟ್ಟಿದ್ದಾರೆ. ಅದಕ್ಕೇ ನಾನು ಮಾತ್ರೆ ಬೇಡ ಅಂದಿದ್ದು.

ಆಸ್ಪತ್ರೆ ಸಿಸ್ಟರ್

ಆ ಮಾತ್ರೆಯಿಂದ ಕೆಲವರಿಗೆ ಪಾದ ಊದುವುದು ಗೊತ್ತಿರುವ ವಿಷಯವೇ. ಹೆಚ್ಚಾಗಿ ಕಿಡ್ನಿ ಕಾರಣ ಆಗಿರುವುದಿಲ್ಲ, ಡಾಕ್ಟರು ಪರೀಕ್ಷೆ ಮಾಡಿ ಡೋಸು ಇಳಿಸುತ್ತಾರೆ ಇಲ್ಲವೇ ಬೇರೆ ಮಾತ್ರೆ ಕೊಡುತ್ತಾರೆ. ನಾಳೆಯೇ ಕರೆದುಕೊಂಡು ಹೋಗು ತಮ್ಮಾ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ ನೋಡುವುದಕ್ಕೂ ಮಾತ್ರೆಗೂ ದುಡ್ಡು ಕೊಡಬೇಕಾಗಿಲ್ಲ. ತೂಕ ಇಳಿದು ಬಿಪಿ ಹತೋಟಿಗೆ ಬಂದರೆ ಡೋಸು ಕಮ್ಮಿ ಮಾಡುವುದೂ ಉಂಟು, ಆ ತೀರ್ಮಾನ ಡಾಕ್ಟರದು.

ರತ್ನಗಿರಿ ಬೋರೆ ವಾಕಿಂಗ್

2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತ ಅಂತ ದಿನಾ ಟಿವಿಯಲ್ಲಿ ಬರುತ್ತಿತ್ತಲ್ಲ. ಜನ ಹೆದರಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾಲು ನಿಂತರು. ಆಮೇಲೆ ಏನಾಯಿತು?

ಕಡೂರು ಮೇಷ್ಟ್ರು

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಹಿಂದಿನದಕ್ಕೆ ಹೋಲಿಸಿದರೆ ವಿಪರೀತ ಏರಿಕೆ ಆಗಿಲ್ಲ ಅಂತ ಅವರು ಹೇಳಿದರು. ತೀರಿಕೊಂಡವರಲ್ಲಿ ಹಲವರಿಗೆ ಬಿಪಿ, ಶುಗರ್, ಸಿಗರೇಟು, ಕುಡಿತ ಇವೇ ಹಳೆಯ ಕಾರಣಗಳು ಇದ್ದವು. ಆ ಹೆದರಿಕೆಯಲ್ಲಿ ಇಸಿಜಿಗೆ ಓಡಿದವರು ಎಷ್ಟು ಜನ, ಈಗ ಬಿಪಿ ನೋಡಿಸುತ್ತಿರುವವರು ಎಷ್ಟು ಜನ? 30 ದಾಟಿದ ಎಲ್ಲರೂ ವರ್ಷಕ್ಕೆ ಒಮ್ಮೆಯಾದರೂ ನೋಡಿಸಬೇಕು.

ಕೆಆರ್‌ಪುರಂ ಮನೆ, ಹಾಸನ

ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಉಪ್ಸಾರಿನ ಖಾರಕ್ಕೆ ಉಪ್ಪು ಹಾಕುವುದಿಲ್ಲ ಅಂತ ಒಪ್ಪಿದ್ದಾರೆ, ಬಾಳಕ ಬಿಡುವುದಕ್ಕೆ ಇನ್ನೂ ಒಪ್ಪಿಲ್ಲ. ಸಂಜೆಗೆ ಖಾರ ಬನ್ನಿನ ಬದಲು ಬೇಯಿಸಿದ ಕಡಲೆಕಾಯಿ, ಹಣ್ಣು ಕಟ್ಟಿಕೊಡುತ್ತಿದ್ದೇನೆ. ಮನೆಗೆ ಒಂದು ಬಿಪಿ ಮಿಷನ್ ತರೋಣ ಅಂತ ಇದ್ದೇವೆ. ಯಾವುದನ್ನು ನೋಡಿ ತಗೊಳ್ಳಬೇಕು?

ಆಸ್ಪತ್ರೆ ಸಿಸ್ಟರ್

ಮಣಿಕಟ್ಟಿಗೆ ಹಾಕುವುದು ಬೇಡ, ತೋಳಿಗೆ ಸುತ್ತುವುದೇ ತನ್ನಿ. ಪಟ್ಟಿಯ ಅಳತೆ ನೋಡಿ. ದಪ್ಪ ತೋಳಿಗೆ ಮಾಮೂಲಿ ಪಟ್ಟಿ ಸಣ್ಣದಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಯಜಮಾನರ ತೋಳಿನ ಸುತ್ತಳತೆ ಟೇಪಿನಲ್ಲಿ ಅಳೆದುಕೊಂಡು ಅಂಗಡಿಗೆ ಹೋಗಿ, ಪಟ್ಟಿಯ ಮೇಲೆ ಎಷ್ಟರಿಂದ ಎಷ್ಟು ಸೆಂಟಿಮೀಟರ್ ಅಂತ ಬರೆದಿರುತ್ತದೆ. ಅಳೆಯುವ ಮುಂಚೆ ಮೂತ್ರ ಮಾಡಿ ಬಂದು, ಬೆನ್ನಿಗೆ ಆನಿಕೊಂಡು ಐದು ನಿಮಿಷ ಸುಮ್ನೆ ಕೂರಬೇಕು, ಕಾಲು ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ, ಮಾತು ಬೇಡ. ಎರಡು ಸಲ ನೋಡಿ ಎರಡನ್ನೂ ಪುಸ್ತಕದಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ಮನೆಯಲ್ಲಿ 135/85ರ ಮೇಲೆ ಬರುತ್ತಲೇ ಇದ್ದರೆ ಜಾಸ್ತಿ ಅಂತಲೇ ಲೆಕ್ಕ. 180/120 ದಾಟಿ ಜೊತೆಗೆ ಎದೆ ನೋವು, ಉಸಿರು ಕಟ್ಟುವುದು, ಮಾತು ತೊದಲುವುದು, ಕೈಕಾಲು ಸೋಲುವುದು ಏನಾದರೂ ಕಂಡರೆ ಮತ್ತೊಂದು ಸಲ ಅಳೆಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಚನ್ನರಾಯಪಟ್ಟಣ ತೆಂಗು

ಬಾಳಕಕ್ಕೆ ಒಂದು ಉಪಾಯ ಅಕ್ಕ. ಮುಂದಿನ ಬೇಸಿಗೆಗೆ ಮಜ್ಜಿಗೆಯಲ್ಲಿ ನೆನೆಸುವಾಗ ಉಪ್ಪು ಕಾಲು ಭಾಗ ಹಾಕಿ, ಮಜ್ಜಿಗೆ ಚೆನ್ನಾಗಿ ಹುಳಿ ಬಂದಿರಲಿ, ಬಿಸಿಲು ಜೋರಿರುವ ದಿನ ನೋಡಿ ಒಣಗಿಸಿ, ಇಲ್ಲದಿದ್ದರೆ ಬೂಸ್ಟು ಬರುತ್ತದೆ. ಸ್ವಲ್ಪವೇ ಮಾಡಿಕೊಳ್ಳಿ. ಇರುವ ಡಬ್ಬಿ ಖಾಲಿಯಾಗುವವರೆಗೆ ಅತ್ತೆಗೂ ಮಗನಿಗೂ ವಾರಕ್ಕೆ ಒಂದೊಂದು ಸಾಕು.